ಶರೀರವನ್ನು ಹೊಕ್ಕ ಯಂತ್ರಹಸ್ತ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ೧೦೧ ಯಂತ್ರಗಳ ಎಣಿಕೆಯುಂಟು. ಅವುಗಳಲ್ಲಿ ೨೦ ನಾಡೀಯಂತ್ರಗಳು, ಎಂದರೆ ಕೊಳವೆಯ ಆಕಾರದವು. ಇವೆಲ್ಲಕ್ಕಿಂತಲೂ ವೈದ್ಯನ ಹಸ್ತವೇ ಪ್ರಧಾನವೆಂಬುದು ಆ ಆಚಾರ್ಯನ ಅಭಿಮತ. ಇಷ್ಟನ್ನೋದಿದೊಡನೆಯೇ, ಇಂದಿನ ಸಕಲ ಯಂತ್ರಗಳೂ ನಮ್ಮ ಪೂರ್ವಿಕರಿಗೆ ತಿಳಿದಿದ್ದುವೆಂದು ಹೆಮ್ಮೆಪಡುವ ಪಂಡಿತರುಂಟು. ನಾನು ಆ ಪಂಗಡದವನಲ್ಲ. ಕೊಳವೆಯೇನೋ ಇದ್ದಿತು, ಅದರ ಮೂಲಕ ಶರೀರದ ಆಳಕ್ಕೆ ಬೆಳಕನ್ನು ಹಾಯಿಸಿದವರು ಬೇರೆಯವರು.

ಅವರಲ್ಲಿ ಮೊದಲು ನೆನೆಯತಕ್ಕವನು ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯನಾದ ಫಿಲಿಪ್ ಬೊಜಿನಿ. ತಗಡಿನ ಗೂಡಿನಲ್ಲಿ ಮೇಣದ ಬತ್ತಿಯನ್ನಿರಿಸಿ, ಕನ್ನಡಿಯ ನೆರವಿನಿಂದ ಅದರ ಬೆಳಕು ಕೊಳವೆಯೊಳಗೆ ಹಾಯುವಂತೆ ಮಾಡಿ, ಆ ಉಪಕರಣದ ವಿವರವನ್ನು ಆತನು ೧೮೦೭ರಲ್ಲಿ ಪ್ರಕಟಿಸಿದನು. ವಿಯೆನ್ನಾದ ವೈದ್ಯಪಂಡಿತರು ಅದನ್ನು ಆದರಿಸಲಿಲ್ಲ. ೧೮೦೯ರಲ್ಲಿ ಜ್ವರಪೀಡಿತರ ಶುಶ್ರೂಷೆಯಲ್ಲಿದ್ದಾಗ ತಾನೂ ಅದೇ ಜ್ವರಕ್ಕೆ ತುತ್ತಾಗಿ, ೩೫ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

ಸ್ವೀಡನ್ ದೇಶದ ಯಾಕೋಬೇಯುಸನು ೧೯೧೦ರಲ್ಲಿ ಮನುಷ್ಯನ ಉದರದೊಳಗನ್ನು ಕೊಳವೆಯಿಂದ ನೋಡಿದ ವೃತ್ತಾಂತವನ್ನು ಪ್ರಕಟಿಸಿದನು. ಆದರೆ ನೋಡುವುದು ಬೇರೆ, ಕೊಯ್ಯುವುದು ಬೇರೆ. ಹೊಟ್ಟೆಯನ್ನು ಗೇಣುದ್ದ ಸೀಳದೆ ಶಸ್ತ್ರಚಿಕಿತ್ಸೆಯಿಲ್ಲವೆಂಬ ನಂಬಿಕೆ ಬಹುಕಾಲ ನಿಂತಿತು. ರೋಗಿಯು ರೋಗಕ್ಕಿಂತ ಹೆಚ್ಚಾಗಿ ಆ ಗಾಯದಿಂದಲೇ ನರಳಿದುದುಂಟು. ೧೯೮೦ರಲ್ಲಿ ಕೀಲ್ ನಗರದ ಕುರ್ಟ್ ಸೆಮ್ ಎಂಬಾತನು ಸಣ್ಣ ರಂಧ್ರಗಳ ಮೂಲಕವೇ ಅಪೆಂಡಿಕ್ಸನ್ನು ತೆಗೆದನು. ೧೯೮೫ರ ಸೆಪ್ಟೆಂಬರ್ ೧೨ರಂದು ಬೋಬ್ಲಿಂಗೆನ್ನಿನಲ್ಲಿ ಎರಿಕ್ ಮ್ಯೂಹೆಯು ಪಿತ್ತಕೋಶವನ್ನು ಹಾಗೆಯೇ ತೆಗೆದನು. ಮರುವರ್ಷ ಜರ್ಮನ್ ಶಸ್ತ್ರವೈದ್ಯರ ಸಭೆಯಲ್ಲಿ ಆತನಿಗೆ ದೊರೆತುದು ತಿರಸ್ಕಾರ; ೧೯೯೨ರಲ್ಲಿ ಅದೇ ಸಂಘವು ಆತನನ್ನು ಸನ್ಮಾನಿಸಿತು. ಬದುಕಿರುವಾಗಲೇ ಸನ್ಮಾನ ದೊರೆತುದಷ್ಟೇ ಬೊಜಿನಿಗಿಂತ ಆತನ ಭಾಗ್ಯ.

ಈ ವಿಧಾನದಲ್ಲಿ ಒಂದು ಕ್ಲೇಶವುಂಟು. ಬೆರಳಗಲದ ರಂಧ್ರದಲ್ಲಿ ಉದ್ದನೆಯ ಸಲಾಕೆಯನ್ನು ತೂರಿಸಿದರೆ, ರಂಧ್ರವೇ ಕೀಲಾಗಿ, ಕೈ ಬಲಕ್ಕೆ ಸರಿದರೆ ಸಲಾಕೆಯ ತುದಿಯು ಎಡಕ್ಕೆ ಸರಿಯುವುದು. ಮಣಿಕಟ್ಟಿನ ತಿರುವೂ ಬೆರಳಿನ ಸೂಕ್ಷ್ಮವೂ ಒಳಕ್ಕೆ ಹೋಗಲಾರವು. ಸುಶ್ರುತನ ಪ್ರಧಾನಯಂತ್ರವೇ ಹೊರಗುಳಿದಂತಾಯಿತು!

ಇಲ್ಲಿಗೆ ರೋಬೋಟು ಬಂದಿತು. ೧೯೨೦ರಲ್ಲಿ ಪ್ರಕಟವಾದ ಕಾರೆಲ್ ಚಾಪೆಕನ ಚೆಕ್ ನಾಟಕದಿಂದ ಹೊರಟ ಈ ಶಬ್ದದ ಮೂಲಾರ್ಥ ಬಿಟ್ಟಿಚಾಕರಿ. ಹೆಸರಿಗೆ ತಕ್ಕಂತೆ ಇಲ್ಲಿಯೂ ಅದು ವೈದ್ಯನ ಆಳೇ ಹೊರತು ವೈದ್ಯನಲ್ಲ. ೧೯೮೫ರಲ್ಲಿ ಅಮೆರಿಕದ ಲಾಂಗ್ ಬೀಚಿನಲ್ಲಿ ಕಾರ್ಖಾನೆಯ ಯಂತ್ರತೋಳೊಂದು ಮೆದುಳಿಗೆ ಸೂಜಿಯ ದಾರಿಯನ್ನು ತೋರಿಸಿತು. ೨೦೦೦ದಲ್ಲಿ ಅಲ್ಲಿನ ಸರಕಾರದ ಒಪ್ಪಿಗೆ ಪಡೆದ ‘ಡ ವಿಂಚಿ’ ಯಂತ್ರವು ಸಲಾಕೆಯ ತುದಿಗೆ ಮಣಿಕಟ್ಟನ್ನು ಮರಳಿಸಿತು. ಆದರೆ ಅದರ ಬೆಲೆಯೂ ಗಾತ್ರವೂ ಅಪಾರ. ಸಣ್ಣ ಊರಿನ ಆಸ್ಪತ್ರೆಯು ಅದನ್ನು ಕೊಳ್ಳುವುದೆಲ್ಲಿ, ಇರಿಸುವುದೆಲ್ಲಿ?

ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಯಂತ್ರಶಿಲ್ಪಿ ಶೇನ್ ಫ್ಯಾರಿಟರ್ ಮತ್ತು ಶಸ್ತ್ರವೈದ್ಯ ಡಿಮಿಟ್ರಿ ಒಲೆನಿಕೋವ್ ಇವರು ಯಂತ್ರವನ್ನು ಹೊರಗೆ ನಿಲ್ಲಿಸುವುದಕ್ಕೆ ಬದಲಾಗಿ ಒಳಕ್ಕೇ ಕಳುಹಿಸಿದರೆ ಹೇಗೆಂದು ಯೋಚಿಸಿದರು. ಇವರ ಮೊದಲಿನ ಪುಟ್ಟ ಯಂತ್ರಗಳು ಸುರುಳಿಗೆರೆಯ ಗಾಲಿಗಳ ಮೇಲೆ, ಯಕೃತ್ತಿನ ಜಾರುಮೈಯನ್ನೂ ಹತ್ತಿಳಿಯುತ್ತ, ಹಂದಿಗಳ ಉದರದಲ್ಲಿ ಸಂಚರಿಸಿದುವು. ಆ ಶ್ರಮದಿಂದ ಮುಂದೆ ‘ಮೀರಾ’ ಹುಟ್ಟಿತು. ಹೆಸರು ನಮ್ಮದರಂತೆ ಕೇಳಿಸಿದರೂ ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳವು. ಅದರ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಎರಡು ಪುಟ್ಟ ತೋಳುಗಳೂ ಒಂದು ಕ್ಯಾಮರಾವೂ ಒಂದೇ ರಂಧ್ರದಿಂದ ಒಳಹೋಗುವುವು. ಕರುಳಿನ ಭಾಗವನ್ನು ತೆಗೆಯುವ ಚಿಕಿತ್ಸೆಗೆ ಅಮೆರಿಕದ ಸರಕಾರವು ೨೦೨೪ರ ಫೆಬ್ರವರಿಯಲ್ಲಿ ಇದನ್ನು ಒಪ್ಪಿತು.

ಅದೇ ತಿಂಗಳ ೧೦ರಂದು ಇದರ ಒಡಹುಟ್ಟಿದ ಯಂತ್ರವೊಂದು ಭೂಮಿಯಿಂದ ಸುಮಾರು ೪೦೦ ಕಿಲೋಮೀಟರ್ ಮೇಲಿನ ಅಂತರಿಕ್ಷ ನಿಲ್ದಾಣದಲ್ಲಿ ಪರೀಕ್ಷೆಗೊಳಗಾಯಿತು. ನೆಬ್ರಾಸ್ಕದ ಲಿಂಕನ್ ನಗರದಲ್ಲಿ ಕುಳಿತ ಶಸ್ತ್ರವೈದ್ಯರು ಕೈಯಾಡಿಸಿದರೆ, ಮುಕ್ಕಾಲು ಸೆಕೆಂಡಿನಷ್ಟು ತಡವಾಗಿ ಅದರ ತೋಳುಗಳು ಅಲ್ಲಿ ಆಡುತ್ತಿದ್ದುವು. ಕತ್ತರಿಸಿದುದು ಬಿಗಿದು ಕಟ್ಟಿದ ರಬ್ಬರ್ ಬ್ಯಾಂಡುಗಳನ್ನು. ರಬ್ಬರಿಗೆ ರಕ್ತನಾಳವಿಲ್ಲ, ಆ ಮುಕ್ಕಾಲು ಸೆಕೆಂಡಿನಲ್ಲಿ ಅದರಿಂದ ನೆತ್ತರು ಚಿಮ್ಮುವ ಭಯವಿರಲಿಲ್ಲ.