ಶಿವನಸಮುದ್ರದ ತಂತಿ, ನಮ್ಮೂರ ಮೋಟಾರು

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ ಎಂದರು. ಇಲವಾಲದ ಇತಿಹಾಸ ಹೇಳಲು ನನಗಿಂತ ಹೆಚ್ಚು ತಿಳಿದ ಹಿರಿಯರು ಊರಿನಲ್ಲಿದ್ದಾರೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಹಾಗಾಗಿ ಇದೇ ಶಾಲೆಯಲ್ಲಿ ಕಲಿತ ವಿದ್ಯುತ್ ಪಾಠದ ಇತಿಹಾಸವನ್ನೇ ಆರಿಸಿಕೊಂಡಿದ್ದೇನೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್. ಪರೀಕ್ಷೆಗೆಂದು ನಾವೆಲ್ಲ ಬಾಯಿಪಾಠ ಮಾಡಿದ ಲೆಕ್ಕವಿದು.

ಇದರಲ್ಲಿ ಮೊದಲ ಮಾತನ್ನು ಕಂಡುಹಿಡಿದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಜಾರ್ಜ್ ಸೈಮನ್ ಓಮ್ 1789ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು, ತಂದೆ ಬೀಗ ಮಾಡುವವರು. ಕಲೋನ್ ನಗರದ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಪಾಠ ಮಾಡುತ್ತ ಅಲ್ಲಿನ ಪ್ರಯೋಗಾಲಯದಲ್ಲೇ ತಂತಿಗಳ ಉದ್ದ ಬದಲಿಸಿ ಬದಲಿಸಿ ಅಳೆದರು. ಆಗಿನ ಬ್ಯಾಟರಿಗಳ ಶಕ್ತಿ ಒಂದೇ ಸಮ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವರು ಎರಡು ಲೋಹಗಳ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ಕರೆಂಟು ಪಡೆದರು. 1827ರಲ್ಲಿ ಪುಸ್ತಕ ಬಂತು. ಸ್ವದೇಶದಲ್ಲಿ ಅದಕ್ಕೆ ಬೆಲೆ ಸಿಗದೆ ಕೆಲಸವನ್ನೂ ಬಿಟ್ಟರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೌಲ್ ಇನ್ನೊಂದು ನಿಯಮ ಕಂಡರು: ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು.

ಈ ಲೆಕ್ಕ ನಮ್ಮ ಸೀಮೆಯಲ್ಲಿ ದೊಡ್ಡದಾಗಿ ಕೆಲಸಕ್ಕೆ ಬಂದದ್ದು ಶಿವನಸಮುದ್ರದಲ್ಲಿ. ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಬೇಕಿತ್ತು, ಕಾವೇರಿಯ ಜಲಪಾತ ಇದ್ದದ್ದು ಸುಮಾರು 147 ಕಿಲೋಮೀಟರ್ ದೂರದಲ್ಲಿ. ಎಂಜಿನಿಯರ್ ಲಾಟ್‌ಬಿನಿಯರ್ ಯೋಜನೆ ಮಾಡಿದರು, ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. ಯಂತ್ರಗಳನ್ನು ಎತ್ತಿನ ಗಾಡಿ, ಆನೆಗಳ ನೆರವಿನಿಂದ ಸಾಗಿಸಿದರು. 1902ರ ಜೂನ್ 30ರಂದು ಗಣಿಗಳಿಗೆ ಕರೆಂಟು ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು.

ಅಷ್ಟು ದೂರ ಕಳಿಸಲು ಸುಮಾರು 35,000 ವೋಲ್ಟ್ ಇಟ್ಟರು. ಯಾಕೆ ಅಷ್ಟು? ಈಗ ಓದುತ್ತಿರುವ ಮಕ್ಕಳು ಪೆನ್ಸಿಲ್ ಹಿಡಿದು ನೋಡಬಹುದು. ಗಣಿಗಳಿಗೆಂದು ಇದ್ದದ್ದು 4,000 ಅಶ್ವಶಕ್ತಿ, ಅಂದರೆ ಹೆಚ್ಚುಕಡಿಮೆ 30 ಲಕ್ಷ ವ್ಯಾಟ್. 35,000ದಿಂದ ಭಾಗಿಸಿ, ಮೂರು ಫೇಸ್ ಆದ್ದರಿಂದ ಮತ್ತೆ 1.73ರಿಂದ ಭಾಗಿಸಿದರೆ ಒಂದೊಂದು ತಂತಿಯಲ್ಲಿ 50 ಆಂಪಿಯರ್. ಒಂದು ತಂತಿಯ ರೋಧ 40 ಓಮ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 50ರ ವರ್ಗವನ್ನು 40ರಿಂದ ಗುಣಿಸಿದರೆ 1 ಲಕ್ಷ ವ್ಯಾಟ್, ಮೂರು ತಂತಿಗೆ 3 ಲಕ್ಷ. ಹತ್ತರಲ್ಲಿ ಒಂದು ಪಾಲು ದಾರಿಯಲ್ಲೇ ಶಾಖವಾಗಿ ಹೋಯಿತು. ಸಹಿಸಬಹುದು. ಈಗ ವೋಲ್ಟೇಜನ್ನು 3,500ಕ್ಕೆ ಇಳಿಸಿ. ಕರೆಂಟು 500 ಆಂಪಿಯರ್ ಆಗುತ್ತದೆ, ನಷ್ಟ ನೂರು ಪಟ್ಟು: 3 ಕೋಟಿ ವ್ಯಾಟ್. ಕಳಿಸಬೇಕಾದ್ದರ ಹತ್ತರಷ್ಟು ತಂತಿಯಲ್ಲೇ ಸುಡಬೇಕು, ಅಂದರೆ ಕೆಲಸವೇ ಆಗದು. ಇಲ್ಲವೇ ತಂತಿಗೆ ನೂರು ಪಟ್ಟು ತಾಮ್ರ ಹಾಕಬೇಕು. ಚಿನ್ನ ತೆಗೆಯುವ ಗಣಿಗೂ ಆ ಖರ್ಚು ತಾಳುತ್ತಿರಲಿಲ್ಲ.

ಅದೇ ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು, 1908ರಲ್ಲಿ ಮೈಸೂರಿಗೆ ಬಂತು.

ಲೈನು ನಮ್ಮ ಸುತ್ತಿನ ಹೊಲಗಳಿಗೂ ಬಂದ ಮೇಲೆ ಈ ಲೆಕ್ಕ ಇತಿಹಾಸವಾಗಿ ಉಳಿಯಲಿಲ್ಲ. ನಾನು ಶಾಲೆಯಲ್ಲಿದ್ದಾಗ ಸಂಜೆಯ ಹೊತ್ತು ಬಲ್ಬು ಕೆಂಪಗೆ ಉರಿಯುತ್ತಿತ್ತು. 230 ವೋಲ್ಟಿನ 60 ವ್ಯಾಟ್ ಬಲ್ಬಿನ ರೋಧ ಸುಮಾರು 880 ಓಮ್. ವೋಲ್ಟೇಜು 180ಕ್ಕೆ ಬಿದ್ದರೆ ಅದು ತೆಗೆದುಕೊಳ್ಳುವುದು 40 ವ್ಯಾಟಿನ ಆಸುಪಾಸು. (ಆರಿದ ಬಲ್ಬಿಗೆ ಮೀಟರ್ ಹಿಡಿದರೆ 880 ಸಿಗದು, ತೀರಾ ಕಡಿಮೆ ತೋರಿಸುತ್ತದೆ. ಕಾದ ಮೇಲೇ ಆ ತಂತಿಯ ರೋಧ ಏರುವುದು.)

ಬಲ್ಬು ಮಂಕಾದರೆ ಓದಿಗೆ ತೊಂದರೆ, ಅಷ್ಟೆ. ಪಂಪ್‌ಸೆಟ್ಟಿನ ಕಥೆ ಬೇರೆ. ವೋಲ್ಟೇಜು ಕಡಿಮೆಯಾದರೆ ಬಲ್ಬು ಕಡಿಮೆ ಕರೆಂಟು ಎಳೆಯುತ್ತದೆ, ನೀರೆತ್ತುತ್ತಿರುವ ಮೋಟಾರು ಮಾತ್ರ ಹೆಚ್ಚು ಎಳೆಯುತ್ತದೆ, ಏಕೆಂದರೆ ಅದು ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 415 ವೋಲ್ಟ್ ಇರಬೇಕಾದ ಕಡೆ 332 ಬಂದರೆ ಕರೆಂಟು ಸುಮಾರು ಒಂದೂಕಾಲು ಪಟ್ಟು, ವೈಂಡಿಂಗಿನ ಶಾಖ ಒಂದೂವರೆ ಪಟ್ಟಿಗೂ ಮೇಲೆ. ಬೇಸಿಗೆಯಲ್ಲಿ ಬೆಳೆ ಒಣಗುತ್ತಿರುವಾಗಲೇ ಮೋಟಾರು ಸುಟ್ಟು ವೈಂಡಿಂಗ್ ಅಂಗಡಿ ಸೇರುವುದಕ್ಕೆ ಇದೊಂದು ದೊಡ್ಡ ಕಾರಣ. ಸಾಲದ ಮೇಲೆ ಸಾಲ ಮಾಡಿದ ಮನೆಗಳು ನನಗೆ ಗೊತ್ತು.

ದೂರದ ಲೈನಿನ ವೋಲ್ಟೇಜು ನಮ್ಮ ಕೈಯಲ್ಲಿಲ್ಲ. ಆದರೆ ಕಂಬದಿಂದ ಬೋರ್‌ವೆಲ್‌ವರೆಗೆ ನಾವೇ ಎಳೆಸುವ ತಂತಿ ನಮ್ಮದು. ಅದರ ಗಾತ್ರ ಎರಡು ಪಟ್ಟಾದರೆ ರೋಧ ಅರ್ಧ, ಅಲ್ಲಿ ಕಳೆದುಹೋಗುವ ವೋಲ್ಟೂ ಅರ್ಧ. ಎಲೆಕ್ಟ್ರಿಷಿಯನ್ ಬಂದಾಗ ಸ್ಟಾರ್ಟರ್ ಹತ್ತಿರ ಎರಡು ಸಲ ಅಳೆಸಿ: ಮೋಟಾರು ನಿಂತಿದ್ದಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ. ನಿಂತಿದ್ದಾಗ ಕರೆಂಟೇ ಹರಿಯದ ಕಾರಣ ತಂತಿ ಎಷ್ಟೇ ತೆಳುವಾಗಿದ್ದರೂ ಮೀಟರು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಓಡುವಾಗ ಅದು ಎಷ್ಟು ಕುಸಿಯಿತು ಎನ್ನುವುದನ್ನು ನೋಡಬೇಕು. ಓಡುವಾಗಲೇ ಕಂಬದ ಹತ್ತಿರವೂ ಅಳೆಸಿದರೆ, ಕುಸಿತ ಲೈನಿನಲ್ಲೋ ನಮ್ಮ ತಂತಿಯಲ್ಲೋ ತಿಳಿಯುತ್ತದೆ.