ಮೋರಟಗಿ, ಜೇರಟಗಿ ಮತ್ತು ಯೋಜನೆಯ ಅಳತೆಗೋಲು

ಸಿಂದಗಿಯಿಂದ ಕಲಬುರಗಿಯ ಕಡೆಗೆ ಹೆದ್ದಾರಿ ಹಿಡಿದರೆ ಮೊದಲು ಮೋರಟಗಿ ಬರುತ್ತದೆ. ಮುಂದೆ ಹೋದರೆ ಜೇರಟಗಿ. ಎರಡೂ ಎರಿ ಹೊಲದ ಊರುಗಳು. ಅದೇ ತೊಗರಿ, ಅದೇ ಹತ್ತಿ, ಅದೇ ಬಿಳಿಜೋಳ. ಮಳೆ ಕೈಕೊಟ್ಟ ವರ್ಷ ಎರಡೂ ಕಡೆಯ ಹರೆಯದವರು ಗಂಟು ಕಟ್ಟಿಕೊಂಡು ಗೋವಾ, ಪುಣೆ, ಸೊಲ್ಲಾಪುರದ ದಾರಿ ಹಿಡಿಯುತ್ತಾರೆ. ಆದರೆ ಮೋರಟಗಿ ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನದು, ಜೇರಟಗಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನದು. ಇವೆರಡರ ನಡುವೆ ಹಾದುಹೋಗಿರುವುದು ಮುಂಬಯಿ ಪ್ರಾಂತಕ್ಕೂ ನಿಜಾಮನ ಸೀಮೆಗೂ ಇದ್ದ ಹಳೆಯ ಗಡಿ. 1956ರಲ್ಲಿ ರಾಜ್ಯ ಒಂದಾದಾಗ ಅದು ಬರಿಯ ಜಿಲ್ಲಾ ಗಡಿಯಾಯಿತು. 2013ರಿಂದ ಅದಕ್ಕೆ ಮತ್ತೆ ಜೀವ ಬಂದಿದೆ.

ಆ ವರ್ಷ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂತು. ಅದರಡಿ ಹೊರಟ ಆದೇಶಗಳು ಹೈದರಾಬಾದ್ ಕರ್ನಾಟಕದ, ಅಂದರೆ ಇಂದಿನ ಕಲ್ಯಾಣ ಕರ್ನಾಟಕದ, ಸ್ಥಳೀಯರಿಗೆ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳನ್ನು ಮೀಸಲಿಟ್ಟವು. ಆ ಭಾಗದ ಸರ್ಕಾರಿ ಹುದ್ದೆಗಳಲ್ಲಿ 'ಬಿ' ಗುಂಪಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ಎಂದು ನಿಗದಿಯಾಯಿತು. ಜೇರಟಗಿಯ ಹುಡುಗಿ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತಂದು ಸಿಇಟಿ ಅರ್ಜಿಯಲ್ಲಿ ಈ ಮೀಸಲಾತಿಯ ಅಂಕಣ ತುಂಬುತ್ತಾಳೆ. ಮೋರಟಗಿಯ ಹುಡುಗಿ ಅದನ್ನು ಖಾಲಿ ಬಿಡಬೇಕು. ಇಬ್ಬರ ಅಪ್ಪಂದಿರ ಹೊಲದ ಮಣ್ಣು ಒಂದೇ ಬಣ್ಣದ್ದು.

ಕಲ್ಯಾಣ ಕರ್ನಾಟಕಕ್ಕೆ ದಕ್ಕಿದ್ದು ದಶಕಗಳ ಹೋರಾಟದ ಫಲ, ಅದು ನ್ಯಾಯವಾದದ್ದು. ಅದರಿಂದ ಒಂದು ಕೂದಲನ್ನೂ ಕಡಿಮೆ ಮಾಡಬೇಕೆಂಬುದು ನನ್ನ ವಾದವಲ್ಲ. ನಾನು ಕೇಳುತ್ತಿರುವ ಪ್ರಶ್ನೆ ಅಳತೆಗೆ ಸಂಬಂಧಿಸಿದ್ದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಿಂದುಳಿಕೆ ತಾಲ್ಲೂಕಿನ ಮಟ್ಟದಲ್ಲಿ ಅಳೆದಾಗ ಎದ್ದು ಕಂಡಿತು. ಅವಕಾಶ ಹಂಚುವ ಹೊತ್ತಿಗೆ ಜಿಲ್ಲೆ ಅಥವಾ ವಿಭಾಗ ಲೆಕ್ಕಕ್ಕೆ ಬಂದು ಅದೇ ಹಿಂದುಳಿಕೆ ಕಣ್ಣಿಗೆ ಬೀಳದಂತಾಯಿತು. ಇದು ಒಮ್ಮೆ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಮತ್ತೆ ಮತ್ತೆ ಆಗಿದೆ.

ಮೊದಲಿಗೆ ಕಂಡದ್ದು ಹೇಗೆ ಎಂಬುದನ್ನು ನೋಡೋಣ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದರ ದೊಡ್ಡತನ ಇರುವುದು ಆರಿಸಿಕೊಂಡ ಘಟಕದಲ್ಲಿ. ಉತ್ತರ, ದಕ್ಷಿಣ ಎಂಬ ಕೂಗಾಟವನ್ನು ಬದಿಗಿಟ್ಟು ಸಮಿತಿ ಆಗಿನ 175 ತಾಲ್ಲೂಕುಗಳನ್ನೂ ಒಂದೊಂದಾಗಿ ತೂಗಿತು. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಮೂಲಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಇವುಗಳಿಗೆ ಸೇರಿದ 35 ಸೂಚಕಗಳಿಂದ ಒಂದು ಸಮಗ್ರ ಸೂಚ್ಯಂಕ ಕಟ್ಟಿ, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿಯಿತು. ಅದಕ್ಕಿಂತ ಕೆಳಗೆ ಬಿದ್ದವು 114 ತಾಲ್ಲೂಕುಗಳು. ಅವುಗಳಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. 0.53ರಿಂದ 0.79ರ ನಡುವೆ ಇದ್ದ ಈ ಕೊನೆಯ ಗುಂಪಿನಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳಿವೆ. ಅದೇ ಪಟ್ಟಿಯಲ್ಲಿ ಗಡಿಯಾಚೆಯ ಜೇವರ್ಗಿ, ಅಫಜಲಪುರ, ಸುರಪುರ, ಲಿಂಗಸುಗೂರುಗಳೂ ಇವೆ. ಅಂದರೆ ಸಮಿತಿಯ ತಕ್ಕಡಿಯಲ್ಲಿ ಮೋರಟಗಿಯೂ ಜೇರಟಗಿಯೂ ಒಂದೇ ತಟ್ಟೆಯಲ್ಲಿ ಕೂತಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ, ಅದರಲ್ಲಿ 16,000 ಕೋಟಿ ಹೆಚ್ಚುವರಿಯಾಗಿ, ಎಂಬ ಶಿಫಾರಸೂ ತಾಲ್ಲೂಕಿನ ಕೊರತೆಯನ್ನೇ ಆಧರಿಸಿತ್ತು. ವಿಶೇಷ ಅಭಿವೃದ್ಧಿ ಯೋಜನೆಯಾಗಿ ಅದು ಶುರುವಾದದ್ದು 2007-08ರಲ್ಲಿ. ಐದು ವರ್ಷ ಕಾಗದದಲ್ಲೇ ಕಳೆದವು.

ಅದೇ ಹೊತ್ತಿಗೆ ದೆಹಲಿಯಲ್ಲಿ ಹನ್ನೊಂದನೇ ಪಂಚವಾರ್ಷಿಕ ಯೋಜನೆ (2007-12) 'ಎಲ್ಲರನ್ನೂ ಒಳಗೊಂಡ ಬೆಳವಣಿಗೆ' ಎಂಬ ಮಾತನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿತ್ತು. ಆ ಮಾತಿನ ಹಿಂದಿದ್ದ ಎರಡು ದೊಡ್ಡ ಕಾರ್ಯಕ್ರಮಗಳು ಉದ್ಯೋಗ ಖಾತ್ರಿ ಮತ್ತು ಹಿಂದುಳಿದ ಪ್ರದೇಶಗಳ ಅನುದಾನ ನಿಧಿ. ಖಾತ್ರಿ 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದವು ಬೀದರ್, ಕಲಬುರಗಿ, ರಾಯಚೂರು, ಚಿತ್ರದುರ್ಗ, ದಾವಣಗೆರೆ. 250 ಜಿಲ್ಲೆಗಳ ಅನುದಾನ ನಿಧಿಗೂ ಇದೇ ಐದು. ವಿಜಯಪುರಕ್ಕೆ ಖಾತ್ರಿ ಬಂದದ್ದು ಮೂರನೇ ಹಂತದಲ್ಲಿ, 2008ರ ಏಪ್ರಿಲ್‌ನಲ್ಲಿ. ಅನುದಾನ ನಿಧಿ ಬರಲೇ ಇಲ್ಲ. ಯೋಜನಾ ಆಯೋಗ ಹೋಗಿ 2015ರಲ್ಲಿ ನೀತಿ ಆಯೋಗ ಬಂತು. 2018ರಲ್ಲಿ ಅದು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಹೊರಡಿಸಿದಾಗ ನಮ್ಮ ರಾಜ್ಯದಿಂದ ರಾಯಚೂರು, ಯಾದಗಿರಿ ಸೇರಿದವು. ಪ್ರತಿ ಸಲವೂ ಘಟಕ ಜಿಲ್ಲೆ. ವಿಜಯಪುರ ನಗರದ ಕಾಲೇಜು, ಆಸ್ಪತ್ರೆ, ಬ್ಯಾಂಕು, ಮಾರುಕಟ್ಟೆಗಳು ಜಿಲ್ಲೆಯ ಸರಾಸರಿಯನ್ನು ಮೇಲೆತ್ತುತ್ತವೆ. ಆ ಸರಾಸರಿಯ ನೆರಳಿನಲ್ಲಿ ಸಿಂದಗಿ, ಮುದ್ದೇಬಿಹಾಳಗಳು ಉಳಿಯುತ್ತವೆ. ಹಾಗೆ ನೋಡಿದರೆ ಆ ಸರಾಸರಿಯೂ ಹೆಮ್ಮೆಪಡುವಂಥದ್ದೇನಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 67.15, ರಾಜ್ಯದ್ದು ಶೇ 75.36. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟೂ ಇರಲಿಲ್ಲ.

ಈ ಹಿಂದುಳಿಕೆಗೆ ರೈಲು ನಿಲ್ದಾಣಗಳ ಹೆಸರೇ ಒಂದು ದಾಖಲೆ. ಗದಗ-ಸೊಲ್ಲಾಪುರ ಮಾರ್ಗದಲ್ಲಿ ಹೋದವರಿಗೆ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ಹಳದಿ ಫಲಕಗಳು ಕಾಣುತ್ತವೆ. ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿದೆ ಎಂದು ಆ ಫಲಕ ಹೇಳುತ್ತದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಅಷ್ಟೂ ಇಲ್ಲ. ಪಿಯುಸಿ ಮುಗಿಸಿದ ಹುಡುಗಿ 2003ರಲ್ಲಿ ವಿಜಯಪುರದಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಬೇಕೆಂದರೆ ಬೆಳಗಿನ ಬಸ್ಸು, ಬಸ್ ಪಾಸು, ಸಂಜೆ ಕತ್ತಲಾಗುವ ಮೊದಲು ಮನೆ ಮುಟ್ಟುವುದು, ಇಲ್ಲವೇ ಹಾಸ್ಟೆಲಿನಲ್ಲಿ ಜಾಗ ಇವೆಲ್ಲವೂ ಕೂಡಿ ಬರಬೇಕು. ಎಷ್ಟೋ ಮನೆಗಳಲ್ಲಿ ಓದು ನಿಲ್ಲುವುದು ಅಂಕದಿಂದಲ್ಲ, ಬಸ್ಸಿನ ವೇಳೆಯಿಂದ.

ಈ ತಾಲ್ಲೂಕುಗಳು ದೊಡ್ಡ ಯೋಜನೆಗಳಿಗೆ ಕೊಟ್ಟದ್ದೇನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಲಮಟ್ಟಿ ಅಣೆಕಟ್ಟು ಇರುವುದು ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ಅದಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು, ಪ್ರಧಾನಿಯಾಗುವ ಕೆಲವೇ ದಿನ ಮೊದಲು. ಅದೇ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿಯ ವಿದ್ಯುತ್ ನೆರೆರಾಜ್ಯಗಳಿಗೂ ಹೋಗುತ್ತದೆ. ಆಲಮಟ್ಟಿಯ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಹೊಲ ಮುಳುಗುತ್ತದೆ. ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಪರಿಹಾರದ ಮೊತ್ತ ಅಪ್ಪನ ಖಾತೆಗೆ ಬರುತ್ತದೆ. ಇಪ್ಪತ್ತು ವರ್ಷದ ಮಗನಿಗೆ, ಮಗಳಿಗೆ ಹೊಲದ ಬದಲಿಗೆ ಯಾವ ಕಸುಬು ಎಂಬುದಕ್ಕೆ ಆ ತೀರ್ಮಾನದಂಥ ಖಚಿತ ಉತ್ತರ ಸಿದ್ಧವಿಲ್ಲ. ಹಳೆಯ ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಿ ಹಣ ತೀರಿದ ಮೇಲೆ ಏನಾಯಿತು ಎಂಬುದನ್ನು ಬಲ್ಲವರು ಈ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ಕೂರಿಸಿ ಕೇಳದೆ ಹೊಸ ಯೋಜನೆ ಬರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀರು ಬಂದ ಕಡೆ ಬದುಕು ಬದಲಾಗಿದೆ ಎಂಬುದೂ ನಿಜ. ಇಂಡಿಯ ಲಿಂಬೆ ದೂರದ ಮಾರುಕಟ್ಟೆಗಳಿಗೆ ಹೋಗುತ್ತದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಕಾಯಿ ಬಿಡಿಸಿ, ಆರಿಸಿ, ಚೀಲ ತುಂಬಿ ಲಾರಿಗೆ ಹೇರುವವರೆಗೆ ಊರಿನ ಕೈಗಳಿಗೆ ಕೆಲಸ. ಉಪ್ಪಿನಕಾಯಿ, ರಸ, ಪುಡಿ ಎಂಬ ಮುಂದಿನ ಹಂತ, ಅಂದರೆ ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಸಂಬಳ ಸಿಗುವ ಹಂತ, ಬಹುಪಾಲು ಬೇರೆಡೆ ನಡೆಯುತ್ತದೆ. ಮಹತ್ವಾಕಾಂಕ್ಷೆಯ ಜಿಲ್ಲೆಗಳ ಶ್ರೇಯಾಂಕದಲ್ಲಿ ಕೌಶಲಾಭಿವೃದ್ಧಿಗೆ ಕೊಟ್ಟ ತೂಕ ಶೇ 5 ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಇಲ್ಲಿ ಚರಿತ್ರೆಯ ಒಂದು ಸಂಗತಿ ಹೇಳದೆ ಇರಲಾರೆ. ನಿಜಾಮನ ಆಳ್ವಿಕೆಯಿಂದ ಹೈದರಾಬಾದನ್ನು ಬಿಡಿಸುವ ಹೋರಾಟ ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಸಿಂದಗಿಯಲ್ಲಿ. ಗಡಿಯ ಆಚೆಯವರ ಬಿಡುಗಡೆಗೆ ಈಚೆಯವರೊಬ್ಬರು ಮುಂದಾಳಾದರು. 2021ರ ನವೆಂಬರ್‌ನಲ್ಲಿ ಈಚೆಯ ಭಾಗಕ್ಕೆ ಕಿತ್ತೂರು ಕರ್ನಾಟಕ ಎಂಬ ಹೆಸರು ಬಂತು. ಹೆಸರಿನ ಜೊತೆ ಸೀಟಾಗಲಿ ಹುದ್ದೆಯಾಗಲಿ ಬರಲಿಲ್ಲ.

ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಮರುಪರಿಶೀಲನೆಗೆ 2024ರಲ್ಲಿ ಸಮಿತಿ ರಚನೆಯಾಯಿತು. ದೆಹಲಿಯಲ್ಲಿ 2047ರ ವಿಕಸಿತ ಭಾರತದ ಮಾತು ನಡೆದಿದೆ. ಮತ್ತೆ ಅಳೆಯುವವರ ಮುಂದೆ ಒಂದು ತೊಡಕಿದೆ. ನಂಜುಂಡಪ್ಪ ಸಮಿತಿ ಅಳೆದ ಆ ನಾಲ್ಕು ತಾಲ್ಲೂಕುಗಳು ಈಗ ಹತ್ತಾಗಿವೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. 2011ರ ಜನಗಣತಿಯ ಅಂಕಿಗಳು ಹಳೆಯ ಎಲ್ಲೆಯವು. ಹೋಬಳಿ, ಗ್ರಾಮಗಳ ಮಟ್ಟದಲ್ಲಿ ಅವನ್ನು ಬಿಡಿಸಿ ಹೊಸ ತಾಲ್ಲೂಕುಗಳಿಗೆ ಜೋಡಿಸದಿದ್ದರೆ ಇಪ್ಪತ್ತು ವರ್ಷಗಳಲ್ಲಿ ಏರಿದ್ದೆಷ್ಟು, ಇಳಿದದ್ದೆಷ್ಟು ಎಂದು ಹೇಳಲು ಆಗುವುದಿಲ್ಲ. ಬೇಸರದ ಕೆಲಸ, ಆದರೆ ಮಾಡಲೇಬೇಕಾದ್ದು. 243-ಜೆಡ್‌ಡಿ ವಿಧಿಯಡಿ ಇರುವ ಜಿಲ್ಲಾ ಯೋಜನಾ ಸಮಿತಿಗೆ ಇದಕ್ಕಿಂತ ತಕ್ಕ ಕೆಲಸ ಇನ್ನೊಂದಿಲ್ಲ.

ಇದಕ್ಕಿಂತ ಆಳದ ತೊಡಕು ಗಣತಿಯ ತಿಂಗಳಿನದು. ನಮ್ಮಲ್ಲಿ ಜನರನ್ನು ಎಣಿಸುವುದು ಫೆಬ್ರುವರಿಯಲ್ಲಿ. ಮುಂದಿನದು 2027ರ ಫೆಬ್ರುವರಿಯಲ್ಲಿ. ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿ ಇಲ್ಲದವರನ್ನು ಅವರು ಸಿಕ್ಕಲ್ಲೇ ಎಣಿಸಬೇಕೆಂಬುದು ನಿಯಮ. ಬರದ ವರ್ಷ ಹಿಂಗಾರಿ ಕೈಕೊಟ್ಟು ಗುಳೆ ಹೋದ ಸಂಸಾರಗಳು, ಕಬ್ಬು ಕಡಿಯಲು ಹೋದ ಗ್ಯಾಂಗುಗಳು ಆ ಹೊತ್ತಿಗೆ ಮರಳಿರುವುದಿಲ್ಲ. ಮನೆಯಲ್ಲಿ ಉಳಿದಿರುವವರು ಮುದುಕರು, ಶಾಲೆಗೆ ಹೋಗುವ ಒಂದಿಬ್ಬರು ಮಕ್ಕಳು. 'ಹುಡುಗ್ರು ದುಡಿಯಾಕ ಹೋಗ್ಯಾರ್ರಿ' ಎಂಬ ಮಾತಿಗೆ ಗಣತಿದಾರರ ನಮೂನೆಯಲ್ಲಿ ಅಂಕಣವಿಲ್ಲ. ಯಾರ ಹೆಸರಿನಲ್ಲಿ ಯುವಜನರ ಯೋಜನೆ ಬರೆಯಬೇಕೋ ಅವರೇ ತಮ್ಮ ತಾಲ್ಲೂಕಿನ ಲೆಕ್ಕದಿಂದ ಹೊರಗುಳಿಯುತ್ತಾರೆ. ಈ ಹತ್ತೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು 2026ರ ದೀಪಾವಳಿ ಮುಗಿದ ಕೂಡಲೇ ಒಂದು ವಹಿ ತೆರೆದು, ಹೊರಟವರ ವಯಸ್ಸು, ಓದು, ಹೋದ ಊರು, ಹಿಡಿದ ಕೆಲಸ ಈ ನಾಲ್ಕನ್ನು ಬರೆದಿಡಬೇಕು. ಅದೇ ದಿನಗಳಲ್ಲಿ ಜೇರಟಗಿಯಲ್ಲೂ ಬರೆದಿಟ್ಟರೆ ಎರಡೂ ವಹಿಗಳನ್ನು ಅಕ್ಕಪಕ್ಕ ಇಟ್ಟು ಓದಬಹುದು.