ಕಷ್ಟ ಕೇಳುವ ವಿದ್ಯೆ

ದಾನ ಕೊಡುವವನು ಪಾತ್ರಾಪಾತ್ರ ನೋಡಿ ಕೊಡಬೇಕೆಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಅಪಾತ್ರ ದಾನದಿಂದ ಕೊಟ್ಟವನಿಗೆ ಪುಣ್ಯವಿಲ್ಲ, ಪಡೆದವನಿಗೆ ಹಿತವಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಎದುರಿಗೆ ಕೈಯೊಡ್ಡಿ ನಿಂತವನು ಪಾತ್ರನೋ ಅಪಾತ್ರನೋ ಎಂದು ತಿಳಿಯುವುದು ಹೇಗೆ? ಮೈಮೇಲಿನ ಬಟ್ಟೆ ನೋಡಿಯೋ, ನೆರೆಹೊರೆಯವರ ಮಾತು ಕೇಳಿಯೋ, ಅವನನ್ನೇ ಕೂರಿಸಿಕೊಂಡು ವಿಚಾರಿಸಿಯೋ? ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಈ ಪ್ರಶ್ನೆಗೆ ಶಿಸ್ತುಬದ್ಧವಾದ ಉತ್ತರ ಹುಡುಕಲು ಹೊರಟವರು ಕೊನೆಗೆ ಪ್ರಶ್ನೆಯನ್ನೇ ಬದಲಾಯಿಸಬೇಕಾಯಿತು. ಇಂದು ಸಮಾಜಕಾರ್ಯದ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವ ಸಂದರ್ಶನ ಕಲೆ ಹಾಗೂ ಸೇವಾರ್ಥಿಯ ಪರಿಸ್ಥಿತಿಯನ್ನು ಅಳೆಯುವ ಕ್ರಮ, ಎರಡೂ ಹುಟ್ಟಿದ್ದು ಈ ಹುಡುಕಾಟದಲ್ಲಿ.

1869ರಲ್ಲಿ ಲಂಡನ್ನಿನಲ್ಲಿ ಚಾರಿಟಿ ಆರ್ಗನೈಜೇಷನ್ ಸೊಸೈಟಿ ಎಂಬ ಸಂಸ್ಥೆ ಸ್ಥಾಪನೆಯಾಯಿತು. ನಗರದಲ್ಲಿ ಧರ್ಮಸಂಸ್ಥೆಗಳಿಗೆ ಬರವಿರಲಿಲ್ಲ. ಒಬ್ಬನೇ ಮೂರು ಕಡೆ ನೆರವು ಪಡೆಯುತ್ತಾನೆ, ನಿಜವಾಗಿ ಕಷ್ಟದಲ್ಲಿರುವವನಿಗೆ ಒಂದು ಕಡೆಯೂ ಸಿಗುವುದಿಲ್ಲ ಎಂಬುದು ಸ್ಥಾಪಕರ ದೂರಾಗಿತ್ತು. ಪ್ರತಿ ಅರ್ಜಿದಾರನ ಮನೆಗೆ ಹೋಗಿ ವಿಚಾರಿಸಬೇಕು, ಕಂಡದ್ದನ್ನು ದಾಖಲೆ ಮಾಡಬೇಕು, ಆಮೇಲೆ ತೀರ್ಮಾನಿಸಬೇಕು ಎಂಬ ಪದ್ಧತಿಯನ್ನು ಅವರು ತಂದರು. 1877ರಲ್ಲಿ ಇದೇ ಮಾದರಿ ಅಮೆರಿಕದ ಬಫಲೋ ನಗರಕ್ಕೆ ಬಂತು, ಅಲ್ಲಿಂದ ಬಾಸ್ಟನ್, ಬಾಲ್ಟಿಮೋರ್ ಮೊದಲಾದ ಊರುಗಳಿಗೆ ಹರಡಿತು. ಬಾಸ್ಟನ್ ಸಂಸ್ಥೆಯ ಘೋಷವಾಕ್ಯ 'ಭಿಕ್ಷೆಯಲ್ಲ, ಒಬ್ಬ ಗೆಳೆಯ' ಎಂದಿತ್ತು.

ಆ ಗೆಳೆತನ ಮಾಡಲು ಹೊರಟವರಲ್ಲಿ ಹೆಚ್ಚಿನವರು ಅನುಕೂಲಸ್ಥ ಮನೆಗಳ ಮಹಿಳೆಯರು. ಸಂಬಳವಿಲ್ಲ, ತರಬೇತಿಯೂ ಇಲ್ಲ. ಮನೆ ಚೊಕ್ಕಟವಾಗಿದೆಯೇ, ಗಂಡ ಕುಡಿಯುತ್ತಾನೆಯೇ, ಮಕ್ಕಳು ಶಾಲೆಗೆ ಹೋಗುತ್ತವೆಯೇ ಎಂಬುದರ ಮೇಲೆ ಅವರ ಕಣ್ಣು. ಬಡತನಕ್ಕೆ ಬಡವನ ಗುಣದೋಷವೇ ಕಾರಣ ಎಂಬ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಗಿತ್ತು. ಆದ್ದರಿಂದ ವಿಚಾರಣೆ ಎಂದರೆ ಗುಣಪರೀಕ್ಷೆ ಎಂದಾಯಿತು. ಉದ್ದೇಶ ಕೆಟ್ಟದ್ದಲ್ಲ, ಆದರೆ ಬಾಗಿಲು ತೆರೆದವಳಿಗೆ ಈ ಗೆಳತಿಗೂ ಪೊಲೀಸಿಗೂ ದೊಡ್ಡ ವ್ಯತ್ಯಾಸ ಕಂಡಿರಲಿಕ್ಕಿಲ್ಲ.

1893ರಲ್ಲಿ ಅಮೆರಿಕದ ಅರ್ಥವ್ಯವಸ್ಥೆ ಕುಸಿಯಿತು. ದುಡಿಯುವ ಕೈಗಳಿಗೆ ಕೆಲಸವೇ ಇಲ್ಲವಾದಾಗ ಗುಣದೋಷದ ಲೆಕ್ಕಾಚಾರ ತಲೆಕೆಳಗಾಯಿತು. ಷಿಕಾಗೋದ ಬಡವರ ಬಡಾವಣೆಯಲ್ಲಿ 1889ರಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರ ತೆರೆದಿದ್ದ, ಮುಂದೆ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಜೇನ್ ಆಡಮ್ಸ್ ಆ ಚಳಿಗಾಲದ ಒಂದು ಘಟನೆಯನ್ನು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಸರಕು ಸಾಗಣೆ ಕಚೇರಿಯೊಂದರ ಗುಮಾಸ್ತ ಕೆಲಸ ಕಳೆದುಕೊಂಡು ಸಹಾಯ ಕೇಳಲು ಬಂದ. ನಗರದ ಹೊರಗೆ ಕಾಲುವೆ ತೋಡುವ ಕೆಲಸ ನಡೆಯುತ್ತಿತ್ತು. ಅಲ್ಲಿ ಕೆಲಸ ಸಿಗುವಾಗ ನೆರವು ಕೊಡಕೂಡದೆಂಬುದು ನಿಯಮ. ತಾನು ಯಾವಾಗಲೂ ಒಳಗೆ ಕುಳಿತು ದುಡಿದವನು, ಚಳಿಯಲ್ಲಿ ಹೊರಗಿನ ಕೆಲಸ ತಡೆಯಲಾರೆ ಎಂದು ಆತ ಹೇಳಿಕೊಂಡ. ಆಡಮ್ಸ್ ನಿಯಮ ಬಿಡಲಿಲ್ಲ. ಎರಡು ದಿನ ಕಾಲುವೆಯಲ್ಲಿ ದುಡಿದ ಆತನಿಗೆ ನ್ಯುಮೋನಿಯಾ ಹತ್ತಿತು, ವಾರದಲ್ಲೇ ತೀರಿಕೊಂಡ. ಅವನ ಇಬ್ಬರು ಮಕ್ಕಳು ಬೆಳೆಯುವುದನ್ನು ಆಡಮ್ಸ್ ಮುಂದೆ ಕಾಣುತ್ತಲೇ ಇದ್ದರು, ನೋವಿನಿಂದ.

ಆತ ಸುಳ್ಳು ಹೇಳಿರಲಿಲ್ಲ, ಆಡಮ್ಸ್ ಕ್ರೂರಿಯೂ ಆಗಿರಲಿಲ್ಲ. ತನ್ನ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಯನ್ನು ಆತ ತನ್ನ ಬಾಯಿಂದಲೇ ಹೇಳಿದ್ದ. ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ಕೇಳಿಸಿಕೊಂಡವರಿಗೆ ಗೊತ್ತಿರಲಿಲ್ಲ.

ಈ ತೂಕದ ಪ್ರಶ್ನೆಯನ್ನು ಜೀವನದುದ್ದಕ್ಕೂ ಹಿಡಿದವರು ಮೇರಿ ರಿಚ್ಮಂಡ್. 1861ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದ ಆಕೆ ಚಿಕ್ಕಂದಿನಲ್ಲೇ ತಬ್ಬಲಿಯಾಗಿ ಬಾಲ್ಟಿಮೋರ್‌ನಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಹೈಸ್ಕೂಲು ಮುಗಿಸಿದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಗುಮಾಸ್ತಗಿರಿ, ಲೆಕ್ಕ ಬರೆಯುವ ಕೆಲಸ ಮಾಡಿಕೊಂಡಿದ್ದವರು 1889ರಲ್ಲಿ ಬಾಲ್ಟಿಮೋರ್ ಸಂಸ್ಥೆಗೆ ಸಹಾಯಕ ಖಜಾಂಚಿಯಾಗಿ ಸೇರಿದರು. ಎರಡೇ ವರ್ಷಗಳಲ್ಲಿ ಅದರ ಪ್ರಧಾನ ಕಾರ್ಯದರ್ಶಿಯಾದರು. ಇಂದು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಗೆ ಓದುವ ವಿಷಯವೊಂದರ ತಳಪಾಯ ಹಾಕಿದವರಿಗೆ ಪದವಿಯೇ ಇರಲಿಲ್ಲವೆಂಬುದು ವಿಚಿತ್ರ. 1921ರಲ್ಲಿ ಸ್ಮಿತ್ ಕಾಲೇಜು ಗೌರವ ಎಂ.ಎ. ಕೊಟ್ಟಿತು.

1897ರಲ್ಲಿ ಟೊರಾಂಟೋದಲ್ಲಿ ನಡೆದ ಸಮ್ಮೇಳನದಲ್ಲಿ ರಿಚ್ಮಂಡ್ ಸೇವಾಕಾರ್ಯಕ್ಕೆ ತರಬೇತಿ ಶಾಲೆ ಬೇಕೆಂದು ವಾದಿಸಿದರು. ತಾವು ಕತ್ತಲಲ್ಲಿ ತಡವರಿಸಿ, ಎಡವಿ ಕಲಿತದ್ದನ್ನು ಮುಂದೆ ಬರುವವರು ಅದೇ ರೀತಿ ಕಲಿಯಬೇಕಾಗಬಾರದು ಎಂಬುದು ಅವರ ಮಾತಿನ ಸಾರ. ಅನನುಭವಿ ಎಡವಿದಾಗ ಪೆಟ್ಟು ಬೀಳುವುದು ಎದುರಿಗಿರುವ ಬಡವನಿಗೆ ತಾನೆ! ಮರುವರ್ಷವೇ ನ್ಯೂಯಾರ್ಕಿನಲ್ಲಿ ಆರು ವಾರಗಳ ಬೇಸಿಗೆ ತರಗತಿ ಆರಂಭವಾಯಿತು. ಅದೇ ಬೆಳೆದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಯಿತು.

ತರಗತಿಯೇನೋ ಬಂತು, ಕಲಿಸುವುದೇನು? 1915ರಲ್ಲಿ ವೈದ್ಯಶಿಕ್ಷಣದ ಖ್ಯಾತ ವಿಮರ್ಶಕ ಅಬ್ರಹಾಂ ಫ್ಲೆಕ್ಸ್‌ನರ್, ಸಮಾಜಕಾರ್ಯ ಒಂದು ವೃತ್ತಿಯೇ ಎಂಬ ಪ್ರಶ್ನೆ ಎತ್ತಿ, ಇನ್ನೂ ಅಲ್ಲ ಎಂದು ತೀರ್ಪು ಕೊಟ್ಟರು. ಅದಕ್ಕೆ ತನ್ನದೇ ಆದ, ಒಬ್ಬರಿಂದ ಒಬ್ಬರಿಗೆ ಕಲಿಸಬಲ್ಲ ಕೌಶಲವಿಲ್ಲವೆಂಬುದು ಅವರ ಆಕ್ಷೇಪ. ಎರಡು ವರ್ಷಗಳ ಬಳಿಕ, 1917ರಲ್ಲಿ ರಿಚ್ಮಂಡ್ ಅವರ 'ಸೋಷಿಯಲ್ ಡಯಾಗ್ನೋಸಿಸ್' ಹೊರಬಂತು. ಐನೂರು ಪುಟ ಮೀರಿದ ಗ್ರಂಥ. ರೋಗನಿದಾನ ಎಂಬ ಹೆಸರು ವೈದ್ಯರದು, ಒಳಗಿನ ತರ್ಕ ಮಾತ್ರ ವಕೀಲರದು. ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರು ಹೇಳಿದ್ದು ಯಾವುದು, ಸಂದರ್ಭದಿಂದ ಊಹಿಸಿದ್ದು ಯಾವುದು ಎಂದು ಬೇರ್ಪಡಿಸಿ ನೋಡಬೇಕೆಂದು ಆಕೆ ಕಲಿಸಿದರು. ಬಂಧುಗಳು, ವೈದ್ಯರು, ಶಾಲೆ, ಕೆಲಸ ಕೊಟ್ಟವರು, ಕಾಗದಪತ್ರಗಳು, ನೆರೆಹೊರೆ, ಹೀಗೆ ಪ್ರತಿ ಮೂಲಕ್ಕೂ ಒಂದೊಂದು ಅಧ್ಯಾಯ. ಸಾಕ್ಷಿ ಹೇಳುವವನಿಗೂ ಪೂರ್ವಗ್ರಹವಿರುತ್ತದೆ, ಕೇಳುವವನಿಗೂ ಇರುತ್ತದೆ ಎಂಬ ಎಚ್ಚರಿಕೆ ಪುಸ್ತಕದುದ್ದಕ್ಕೂ ಇದೆ.

ಮೊದಲ ಭೇಟಿಯ ಕುರಿತ ಅಧ್ಯಾಯ ಈಗಲೂ ಓದಿಸಿಕೊಳ್ಳುತ್ತದೆ. ಬಂದವನ ಮಾತನ್ನು ನ್ಯಾಯವಾಗಿ, ತಾಳ್ಮೆಯಿಂದ ಕೇಳುವುದು ಮೊದಲ ಗುರಿ. ಪರಸ್ಪರ ತಿಳಿವಳಿಕೆ ಮೂಡಿಸುವುದು, ಹೆಚ್ಚಿನ ಮಾಹಿತಿ ಎಲ್ಲಿ ಸಿಕ್ಕೀತೆಂಬ ಸುಳಿವು ಪಡೆಯುವುದು, ತನ್ನ ಕಾಲ ಮೇಲೆ ತಾನು ನಿಲ್ಲುವ ನಿಧಾನದ ಕೆಲಸಕ್ಕೆ ಅಲ್ಲೇ ನಾಂದಿ ಹಾಡುವುದು, ಇವು ಉಳಿದವು. ವಿಧವೆ, ಗಂಡ ಬಿಟ್ಟುಹೋದವಳು, ವಲಸೆ ಬಂದ ಕುಟುಂಬ ಎಂದು ಬಗೆಬಗೆಯ ಪ್ರಶ್ನಾವಳಿಗಳನ್ನೂ ರಿಚ್ಮಂಡ್ ಕೊಟ್ಟರು. ಆದರೆ ಅವನ್ನು ಎದುರಿಗಿರುವವರ ಮುಂದೆ ಒಂದೊಂದಾಗಿ ಓದಿ ಉತ್ತರ ತುಂಬಬಾರದು, ಅವು ಕಾರ್ಯಕರ್ತರ ನೆನಪಿಗೆ ಮಾತ್ರ ಎಂದರು. ಈ ಎಚ್ಚರಿಕೆಯಷ್ಟು ಬೇಗ ಮರೆತುಹೋದ ಮಾತು ಆ ಪುಸ್ತಕದಲ್ಲಿ ಇನ್ನೊಂದಿಲ್ಲ ಎನ್ನಬೇಕು. ನೆರವಿನ ಕಚೇರಿಗಳಲ್ಲಿ ಫಾರಂ ಮುಂದಿಟ್ಟುಕೊಂಡು ತಲೆಯೆತ್ತದೆ ಪ್ರಶ್ನೆ ಕೇಳುವ ಪರಿಪಾಠ ಯಾವ ದೇಶಕ್ಕೂ ಹೊಸದಲ್ಲ.

ರಿಚ್ಮಂಡ್ ಪದ್ಧತಿಗೆ ಒಂದು ಕೊರತೆಯಿತ್ತು. ಅಷ್ಟೊಂದು ಸಾಕ್ಷಿಗಳ ನಡುವೆ ಕಷ್ಟದಲ್ಲಿರುವವನೂ ಒಬ್ಬ ಸಾಕ್ಷಿಯಾಗಿಬಿಡುತ್ತಿದ್ದ. 1920ರ ದಶಕದಲ್ಲಿ ಮನೋವಿಜ್ಞಾನದ ಗಾಳಿ ಬೀಸಿದಾಗ ದೃಷ್ಟಿ ಹೊರಗಿನ ಪುರಾವೆಗಳಿಂದ ಎದುರುಬದುರು ಕುಳಿತ ಇಬ್ಬರ ಸಂಬಂಧದ ಕಡೆಗೆ ಸರಿಯಿತು. ಪೆನ್ಸಿಲ್ವೇನಿಯಾದ ವರ್ಜೀನಿಯಾ ರಾಬಿನ್‌ಸನ್ 1930ರಲ್ಲಿ ಈ ಬದಲಾವಣೆಯನ್ನೇ ವಸ್ತುವಾಗಿಸಿ ಪುಸ್ತಕ ಬರೆದರು. ರಾಚೆಸ್ಟರ್ ನಗರದಲ್ಲಿ ಮಕ್ಕಳ ಸಮಸ್ಯೆಗಳನ್ನು ನೋಡಿಕೊಳ್ಳುತ್ತಿದ್ದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರಿಗೂ ಅದೇ ಕಾಲದಲ್ಲಿ ಒಂದು ಪಾಠವಾಯಿತು. ತುಂಟ ಹುಡುಗನೊಬ್ಬನ ತಾಯಿಗೆ, ಸಮಸ್ಯೆಯ ಮೂಲ ನಿಮ್ಮಲ್ಲೇ ಇದೆ ಎಂದು ಹಲವು ಭೇಟಿಗಳಲ್ಲಿ ನಯವಾಗಿ ತಿಳಿಹೇಳಿ ಸೋತು, ಇನ್ನು ನಿಲ್ಲಿಸೋಣವೆಂದರು. ಆಕೆ ಒಪ್ಪಿ ಎದ್ದುಹೋದವಳು ಬಾಗಿಲ ಬಳಿ ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಎಂದು ಕೇಳಿದಳು. ಮತ್ತೆ ಕುಳಿತು ತನ್ನ ದಾಂಪತ್ಯದ ಸಂಕಟವನ್ನೆಲ್ಲ ಹೇಳಿಕೊಂಡಳು. ಎಲ್ಲಿ ನೋವಿದೆಯೆಂಬುದು ನೋಯುವವರಿಗೇ ಗೊತ್ತು ಎಂಬ ತೀರ್ಮಾನಕ್ಕೆ ರೋಜರ್ಸ್ ಬಂದದ್ದು ಅಲ್ಲಿಂದ. ಅವರ ಬರಹಗಳು ಸಮಾಜಕಾರ್ಯದ ಪಠ್ಯಗಳಲ್ಲೂ ಸೇರಿಹೋದವು.

ಹೀಗೆ ಆಲಿಸುವುದನ್ನು ಕಲಿಸುವುದು ಬರೀ ಸೌಜನ್ಯದ ವಿಷಯವಾಗಿ ಉಳಿಯಲಿಲ್ಲ, ರಾಜಕೀಯವೂ ಆಯಿತು. ಷಿಕಾಗೋ ವಿಶ್ವವಿದ್ಯಾಲಯದ ಷಾರ್ಲೆಟ್ ಟೌಲ್, ಸರ್ಕಾರಿ ನೆರವು ಕಚೇರಿಗಳ ನೌಕರರ ತರಬೇತಿಗೆಂದು 1945ರಲ್ಲಿ 'ಕಾಮನ್ ಹ್ಯೂಮನ್ ನೀಡ್ಸ್' ಎಂಬ ಕೈಪಿಡಿ ಬರೆದುಕೊಟ್ಟರು. ಕೌಂಟರಿನ ಆಚೆ ನಿಂತವನ ಸಿಡುಕು, ಸಂಕೋಚ, ಸುಳ್ಳುಗಳ ಹಿಂದೆ ಎಲ್ಲ ಮನುಷ್ಯರಿಗೂ ಇರುವ ಅಗತ್ಯಗಳೇ ಇವೆ. ನೆರವು ಕೃಪೆಯಲ್ಲ, ಹಕ್ಕು ಎಂಬುದು ಅದರ ನಿಲುವು. ಅದರಲ್ಲಿನ ಒಂದು ವಾಕ್ಯ ಸಮಾಜವಾದದ ಪ್ರಚಾರವೆಂದು ಅಮೆರಿಕನ್ ವೈದ್ಯರ ಸಂಘ ಗದ್ದಲವೆಬ್ಬಿಸಿತು. 1951ರಲ್ಲಿ ಸರ್ಕಾರ ಮುದ್ರಣ ನಿಲ್ಲಿಸಿತು. ಅಚ್ಚಿನ ಫಲಕಗಳನ್ನೂ ನಾಶಮಾಡಲಾಯಿತು. ಬಳಿಕ ಸಮಾಜಕಾರ್ಯಕರ್ತರ ಸಂಘವೇ ಪುಸ್ತಕವನ್ನು ಮರುಮುದ್ರಿಸಿ ಉಳಿಸಿಕೊಂಡಿತು. 1957ರಲ್ಲಿ ಫೆಲಿಕ್ಸ್ ಬೀಸ್ಟೆಕ್ ಎಂಬ ಪಾದ್ರಿ ಸಂಬಂಧದ ಏಳು ತತ್ವಗಳನ್ನು ಪಟ್ಟಿ ಮಾಡಿದರು. ತೀರ್ಪು ಕೊಡದಿರುವುದು, ಗುಟ್ಟು ಕಾಯುವುದು, ನಿರ್ಧಾರವನ್ನು ಸೇವಾರ್ಥಿಗೇ ಬಿಡುವುದು ಅವುಗಳಲ್ಲಿ ಸೇರಿವೆ. ಪರೀಕ್ಷೆಗೆ ಬಾಯಿಪಾಠ ಮಾಡದ ವಿದ್ಯಾರ್ಥಿಯಿಲ್ಲ.

ಬಾಯಿಪಾಠದಿಂದ ಕೇಳುವ ಕಿವಿ ಬರುವುದಿಲ್ಲವಲ್ಲ. ಅದಕ್ಕಾಗಿ ಬೆಳೆದುಬಂದ ಉಪಾಯ ಪ್ರೋಸೆಸ್ ರೆಕಾರ್ಡಿಂಗ್. ವಿದ್ಯಾರ್ಥಿ ಭೇಟಿ ಮುಗಿಸಿ ಬಂದೊಡನೆ ಯಾರು ಏನು ಹೇಳಿದರು, ತಾನು ಏನು ಹೇಳಿದೆ, ಆಗ ತನಗೇನನ್ನಿಸಿತು ಎಂಬುದನ್ನೆಲ್ಲ ನೆನಪಿನಿಂದ ಬರೆಯಬೇಕು. ಮೇಲ್ವಿಚಾರಕರು ಸಾಲು ಸಾಲಾಗಿ ಓದಿ ಪ್ರಶ್ನಿಸುತ್ತಾರೆ. ಒಂದು ಕಲ್ಪಿತ ಉದಾಹರಣೆ ನೋಡಬಹುದು. ಆಸ್ಪತ್ರೆಗೆ ಬಂದ ಹೆಂಗಸು, "ಏನಿಲ್ಲ ಮೇಡಂ, ಸ್ವಲ್ಪ ತಲೆನೋವು" ಎನ್ನುತ್ತಾಳೆ. ವಿದ್ಯಾರ್ಥಿನಿ, "ಯಜಮಾನ್ರು ಕುಡೀತಾರಾ ಅಮ್ಮ?" ಎಂದು ಕೇಳುತ್ತಾಳೆ. "ಹೂಂ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ವಿದ್ಯಾರ್ಥಿನಿಯ ಊಹೆ ಸರಿಯೇ ಇರಬಹುದು, ಆದರೆ ಕಥೆ ಅವಳದಾಯಿತು, ಹೆಂಗಸಿನದಾಗಲಿಲ್ಲ. "ತಲೆನೋವು ಯಾವ ಹೊತ್ತಲ್ಲಿ ಜಾಸ್ತಿ ಅಮ್ಮ?" ಎಂದಿದ್ದರೆ, "ಸಂಜೆ ಮೇಲೆ, ಅವರು ಮನೆಗೆ ಬರೋ ಹೊತ್ತಿಗೆ" ಎಂಬ ಉತ್ತರ ಬರಬಹುದಿತ್ತು. ಇಂಥ ಒಂದು ಸಾಲಿನ ಮೇಲೆ ಅರ್ಧ ಗಂಟೆ ಚರ್ಚೆ ನಡೆಯುವುದುಂಟು.

ಭಾರತಕ್ಕೆ ಈ ಶಿಕ್ಷಣ ಬಂದದ್ದು ಮುಂಬಯಿಯ ಮೂಲಕ. ನಾಗಪಾಡಾದಲ್ಲಿ ನೆರೆಹೊರೆ ಸೇವಾಕೇಂದ್ರ ನಡೆಸುತ್ತಿದ್ದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅವರ ನೇತೃತ್ವದಲ್ಲಿ 1936ರಲ್ಲಿ ಸರ್ ದೊರಾಬ್‌ಜಿ ಟಾಟಾ ಶಾಲೆ ಶುರುವಾಯಿತು. 1944ರಲ್ಲಿ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರು ಪಡೆಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಮುಂದೆ ನಿಮ್ಹಾನ್ಸ್ ಆದದ್ದು, ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿಗೆ ದೇಶದ ಮುಖ್ಯ ಕೇಂದ್ರವಾಗಿ ಬೆಳೆಯಿತು.

ಪುಸ್ತಕಗಳೇನೋ ಬಂದವು, ಎದುರಿಗೆ ಕುಳಿತವರು ಬೇರೆಯಾಗಿದ್ದರು. ನಿರ್ಧಾರ ನಿಮ್ಮದೇ ಎಂದರೆ, "ಓದಿದೋರು ನೀವು, ನೀವೇ ಹೇಳಿ" ಎನ್ನುತ್ತಾರೆ. ಗುಟ್ಟಾಗಿ ಮಾತನಾಡೋಣವೆಂದರೆ ಅತ್ತೆ, ಭಾವ, ಊರಿನ ಹಿರಿಯರು ಜೊತೆಗೇ ಬಂದು ಕೂರುತ್ತಾರೆ. ಎಬ್ಬಿಸಿ ಕಳಿಸಿದರೆ ಅವಮಾನ, ಇರಿಸಿಕೊಂಡರೆ ಸೊಸೆ ಬಾಯಿ ಬಿಡುವುದಿಲ್ಲ. ಕುಟುಂಬದ ನಕ್ಷೆ ಬರೆಯುವ ಜಿನೋಗ್ರಾಂ ಎಂಬ ಪದ್ಧತಿಯಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಅಕ್ಕನ ಮಗಳನ್ನು ತಂದುಕೊಳ್ಳುವ ಮನೆಗಳ ನಕ್ಷೆಯಲ್ಲಿ ಗಂಡನೇ ಸೋದರಮಾವ, ಅತ್ತೆಯೇ ಅಜ್ಜಿ. ಗೆರೆಗಳು ಸುತ್ತಿ ಬಂದು ಅಲ್ಲೇ ಸೇರುತ್ತವೆ. ಆ ಮನೆಯಲ್ಲಿ ಜಗಳವಾದರೆ ಹೆಣ್ಣಿಗೆ ತವರು ಯಾವುದು ಎಂಬ ಪ್ರಶ್ನೆ ಅಮೆರಿಕದ ಪಠ್ಯದಲ್ಲಿ ಸಿಗದು.

ಆದರೂ ಹಳೆಯ ಬಾಲ್ಟಿಮೋರಿನ ನೆರಳು ನಮ್ಮ ಮನೋವೈದ್ಯಕೀಯ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿದೆ. ಹೆಸರು, ವಯಸ್ಸಿನ ಬಳಿಕ ಮಾಹಿತಿ ಕೊಟ್ಟವರು ಯಾರು, ರೋಗಿಗೆ ಏನಾಗಬೇಕು, ಅವರ ಮಾತು ನಂಬಬಹುದೇ, ಮಾಹಿತಿ ಸಾಲುವಷ್ಟಿದೆಯೇ ಎಂದು ಬರೆಯುವ ರೂಢಿ. ರಿಚ್ಮಂಡ್ ಹೇಳಿದ ಸಾಕ್ಷಿಯ ತೂಕ ಅದೇ. ಅದರ ಕೆಳಗೆ ರೋಗಿಯ ದೂರನ್ನು ರೋಗಿಯ ಮಾತಿನಲ್ಲೇ ಬರೆಯಬೇಕೆಂಬ ಸೂಚನೆ. ಹೊಸ ವಿದ್ಯಾರ್ಥಿಗೆ ತೊಡಕಾಗುವುದು ಇಲ್ಲಿ. ಎದುರಿಗೆ ಕುಳಿತ ರೈತ, "ಮನಸ್ಸಿಗೆ ಬೇಜಾರು" ಎಂದಿರುತ್ತಾನೆ. ಕನ್ನಡದಲ್ಲಿ ಬೇಜಾರೆಂದರೆ ದುಃಖವೂ ಹೌದು, ದಣಿವೂ ಹೌದು, ಹೊತ್ತು ಹೋಗದಿರುವುದೂ ಹೌದು, ಯಾರ ಮೇಲೋ ಮುನಿಸೂ ಹೌದು. ಇಂಗ್ಲಿಷಿನಲ್ಲಿ ಅದಕ್ಕೊಂದು ರೋಗದ ಹೆಸರು ಬರೆದುಬಿಡುವುದು ಸುಲಭ. ಪಳಗಿದವರು ಪೆನ್ನು ಕೆಳಗಿಟ್ಟು, "ಬೇಜಾರು ಅಂದ್ರೆ ಹೆಂಗಾಗುತ್ತೆ, ಸ್ವಲ್ಪ ಬಿಡಿಸಿ ಹೇಳಿ ಯಜಮಾನ್ರೇ" ಎನ್ನುತ್ತಾರೆ.